ಡಯಾಲಿಸಿಸ್‌ನಲ್ಲಿರುವವರ ಬೊಜ್ಜನ್ನು ಅಳೆಯುವುದು ಹೇಗೆ? ಎರಡು ಕಡೆ ಎರಡು ಮಾತು ಹೇಳುತ್ತಿದ್ದಾರೆ

ಕಬಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ವಿಷಯದಲ್ಲಿ ಎರಡು ಕಡೆಯಿಂದ ತದ್ವಿರುದ್ಧ ಸಲಹೆ ಬಂದು ಮನೆಯವರೆಲ್ಲ ಕಂಗಾಲಾಗಿದ್ದೇವೆ. ಅವನಿಗೆ 46 ವರ್ಷ. ಹಳೆಯ ಸಕ್ಕರೆ ಕಾಯಿಲೆ, ಎರಡೂ ಕಿಡ್ನಿ ಹೋಗಿವೆ, ವಾರಕ್ಕೆ ಮೂರು ಸಲ ಹಿಮೋಡಯಾಲಿಸಿಸ್, ಎಂದರೆ ಯಂತ್ರದಲ್ಲಿ ರಕ್ತ ಶುದ್ಧಿ. ಅತ್ತಿಗೆ ತಮ್ಮ ಒಂದು ಕಿಡ್ನಿ ಕೊಡಲು ಮುಂದೆ ಬಂದಿದ್ದಾರೆ. ಕಸಿಯ ತಪಾಸಣೆಗೆ ಹೋದ ಆಸ್ಪತ್ರೆಯಲ್ಲಿ ತೂಕ 88 ಕಿಲೊ, ಎತ್ತರ 168 ಸೆಂಟಿಮೀಟರ್ ಎಂದು ಬರೆದುಕೊಂಡರು. ತೂಕ, ಎತ್ತರದಿಂದ ಲೆಕ್ಕಹಾಕುವ ಬಿಎಂಐ 31.2 ಬಂತು. ಬೊಜ್ಜಿದೆ, ಎಂಟು ಕಿಲೊ ಇಳಿಸಿಕೊಂಡು ಬನ್ನಿ, ಆಮೇಲೆ ಮುಂದಿನ ಮಾತು ಎಂದರು. ಡಯಾಲಿಸಿಸ್ ಕೇಂದ್ರದಲ್ಲಿ ವಿಚಾರಿಸಿದರೆ, ತೂಕ ಇಳಿಸುವ ಗೋಜಿಗೇ ಹೋಗಬೇಡಿ, ಡಯಾಲಿಸಿಸ್‌ನಲ್ಲಿ ಮೈತುಂಬ ಇರುವವರೇ ಹೆಚ್ಚು ಕಾಲ ಬದುಕುತ್ತಾರೆ ಎನ್ನುತ್ತಾರೆ.

ಅಣ್ಣ ಹೆದರಿ ರಾತ್ರಿಯ ಊಟವನ್ನೇ ಬಿಟ್ಟಿದ್ದಾನೆ. ನನ್ನ ಕಣ್ಣಿಗೆ ಕಾಣುವುದು ಬೇರೆಯೇ. ತೋಳು, ತೊಡೆ ಸೊರಗಿವೆ. ಹೊಟ್ಟೆ ಮಾತ್ರ ಹಾಗೆಯೇ ಇದೆ. ಕೊಬ್ಬಿನ ಶೇಕಡಾವಾರು ತೋರಿಸುವ ತೂಕದ ಯಂತ್ರವೊಂದು ಮನೆಯಲ್ಲಿದೆ. ಡಯಾಲಿಸಿಸ್‌ಗೆ ಹೊರಡುವ ಮುನ್ನ ಅದರಲ್ಲಿ 24 ಇದ್ದದ್ದು ಮನೆಗೆ ಬಂದ ಮೇಲೆ 27 ಆಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಕೊಬ್ಬು ಏರುವುದುಂಟೇ? ಇನ್ನೊಂದು ವಿಷಯ: ಕಿಡ್ನಿ ಹೊರಹಾಕಬೇಕಾದ ಕಶ್ಮಲ, ರಕ್ತದ ಕ್ರಿಯಾಟಿನಿನ್, 11ರಿಂದ 7.8ಕ್ಕೆ ಇಳಿದಿದೆ. ಅದೊಂದೇ ನಮಗೆ ಸಮಾಧಾನ. ಅಣ್ಣನಿಗೆ ನಿಜವಾಗಿ ಬೊಜ್ಜಿದೆಯೇ, ಇಲ್ಲವೇ? ಅದನ್ನು ತಿಳಿಯುವ ದಾರಿ ಯಾವುದು? ಬಲ್ಲವರು ದಯವಿಟ್ಟು ತಿಳಿಸಿ.

ಡಯಾಲಿಸಿಸ್ ಟೆಕ್ನಿಷಿಯನ್, ದಾವಣಗೆರೆ

ಅಕ್ಕಾ, ಮೊದಲು ಇದಕ್ಕೆ ಉತ್ತರ ಕೊಡಿ. ಕಸಿ ಆಸ್ಪತ್ರೆಯಲ್ಲಿ ತೂಕ ನೋಡಿದ್ದು ಯಾವ ವಾರ? ಡಯಾಲಿಸಿಸ್‌ಗೆ ಮುಂಚೆಯೋ, ಆದ ಮೇಲೆಯೋ? ಅಣ್ಣನವರ ಡ್ರೈ ವೇಟ್, ಎಂದರೆ ಹೆಚ್ಚುವರಿ ನೀರೆಲ್ಲ ಹೋದ ಮೇಲಿನ ತೂಕ, ಎಷ್ಟೆಂದು ನಿಮ್ಮ ಪುಸ್ತಕದಲ್ಲಿ ಬರೆದಿದ್ದಾರೆ? ಬಿಎಂಐ ಮಾತು ಆಮೇಲೆ.

ಕಬಿನಿ, ಮೈಸೂರು

ಸೋಮವಾರ ಬೆಳಿಗ್ಗೆ ನೋಡಿದರು. ಹಿಂದಿನ ಡಯಾಲಿಸಿಸ್ ಶುಕ್ರವಾರ ಆಗಿತ್ತು. ಮಧ್ಯಾಹ್ನ ಇಲ್ಲಿಗೆ ವಾಪಸು ಬಂದು ಸೋಮವಾರದ ಡಯಾಲಿಸಿಸ್ ಮಾಡಿಸಿಕೊಂಡ. ಪುಸ್ತಕದಲ್ಲಿ ಡ್ರೈ ವೇಟ್ 84.5 ಎಂದಿದೆ.

ಡಯಾಲಿಸಿಸ್ ಟೆಕ್ನಿಷಿಯನ್, ದಾವಣಗೆರೆ

ಹಾಗಾದರೆ ವಾರದಲ್ಲಿಯೇ ಮೈಯಲ್ಲಿ ಅತಿ ಹೆಚ್ಚು ನೀರು ತುಂಬಿರುವ ಹೊತ್ತಿನಲ್ಲಿ ತೂಕ ನೋಡಿದ್ದಾರೆ. 88ರಲ್ಲಿ ಮೂರೂವರೆ ಕಿಲೊ ಬರಿಯ ನೀರು. 84.5 ಹಾಕಿ ಲೆಕ್ಕ ಮಾಡಿದರೆ ಬಿಎಂಐ 29.9. ಒಂದು ಕಡೆ ಬೊಜ್ಜಿನ 30ರ ಗೆರೆ ದಾಟಿದವರು, ಇನ್ನೊಂದು ಕಡೆ ಗೆರೆಯ ಈಚೆ. ಮನುಷ್ಯ ಅವರೇ. ಕಿಡ್ನಿ ರೋಗಿಯ ತೂಕವನ್ನು ಡಯಾಲಿಸಿಸ್ ಮುಗಿದ ಮೇಲೆ, ಚಪ್ಪಲಿ ಕಳಚಿ, ಪ್ರತಿ ಸಲವೂ ಒಂದೇ ಯಂತ್ರದಲ್ಲಿ ನೋಡಬೇಕು. ನಮ್ಮಲ್ಲಿ ಜೇಬಿನ ಮೊಬೈಲು, ಕೀಲಿಗೊಂಚಲನ್ನೂ ತೆಗೆಸಿ ನಿಲ್ಲಿಸುತ್ತೇವೆ, ಏಕೆಂದರೆ ಆ ಅಂಕಿಯ ಮೇಲೆ ಎಷ್ಟು ನೀರು ತೆಗೆಯಬೇಕು ಎಂಬುದು ನಿಂತಿರುತ್ತದೆ.

ಅಲ್ಲಿಗೆ ಬೊಜ್ಜಿಲ್ಲ ಎಂದು ಸಾಬೀತಾಗಲಿಲ್ಲ. ಅದು ಬೇರೆ ವಿಚಾರ. ಅದನ್ನು ಓದಿಕೊಂಡವರು ಹೇಳಲಿ.

ಆಹಾರತಜ್ಞೆ, ಮಂಗಳೂರು

ಮನೆಯ ಯಂತ್ರದ ಒಗಟು ಬಿಡಿಸುತ್ತೇನೆ, ಅದರಲ್ಲಿಯೇ ನಿಮ್ಮ ಅರ್ಧ ಉತ್ತರವಿದೆ.

ಅಂಥ ಯಂತ್ರ ಕೊಬ್ಬನ್ನು ಅಳೆಯುವುದಿಲ್ಲ. ಒಂದು ಪಾದದಿಂದ ಇನ್ನೊಂದು ಪಾದಕ್ಕೆ ನಮಗೆ ಗೊತ್ತಾಗದಷ್ಟು ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಎಷ್ಟು ತಡೆ ಬಂತು ಎಂದು ನೋಡುತ್ತದೆ. ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ಸುಮಾರು ಶೇಕಡಾ 73 ನೀರಿರುತ್ತದೆ ಎಂದು ನಂಬಿ, ಕಂಡ ನೀರಿನಿಂದ ಸ್ನಾಯು, ಮೂಳೆ, ಅಂಗಾಂಗಗಳ ತೂಕವನ್ನು ಊಹಿಸಿ, ಒಟ್ಟು ತೂಕದಲ್ಲಿ ಅದನ್ನು ಕಳೆದು, ಮಿಕ್ಕಿದ್ದಕ್ಕೆ ಕೊಬ್ಬು ಎಂದು ಹೆಸರಿಡುತ್ತದೆ. ಆರೋಗ್ಯವಂತರಿಗೆ ಈ ಲೆಕ್ಕ ಒಂದು ಮಟ್ಟಿಗೆ ಸರಿಹೋಗುತ್ತದೆ. ಮೂತ್ರ ನಿಂತುಹೋದವರ ಮೈಯಲ್ಲಿ ಮೂರು ಲೀಟರ್ ಹೆಚ್ಚು ನೀರಿದ್ದರೆ, ಯಂತ್ರ ಅದನ್ನೂ ಸ್ನಾಯು ಎಂದೇ ತಿಳಿಯುತ್ತದೆ; ಕೊಬ್ಬು ಕಡಿಮೆ ಎಂದು ತೋರಿಸುತ್ತದೆ. ಡಯಾಲಿಸಿಸ್‌ನಲ್ಲಿ ನೀರು ಹೋದ ಮೇಲೆ ಶೇಕಡಾವಾರು ಏರುತ್ತದೆ. ಕೊಬ್ಬು ಇದ್ದಷ್ಟೇ ಇದೆ.

ಡಯಾಲಿಸಿಸ್ ಕೇಂದ್ರಗಳಲ್ಲಿ ಬಳಸುವ ಬಯೋ ಇಂಪಿಡೆನ್ಸ್ ಯಂತ್ರ ಇದಕ್ಕಿಂತ ಬಹಳ ಮುಂದುವರಿದದ್ದು. ಅದು ಒಂದೇ ಆವರ್ತನದ ವಿದ್ಯುತ್ತನ್ನಲ್ಲ, ಹಲವು ಆವರ್ತನಗಳದ್ದನ್ನು ಹರಿಸುತ್ತದೆ. ಕಡಿಮೆ ಆವರ್ತನದ ವಿದ್ಯುತ್ ಜೀವಕೋಶಗಳ ಹೊರಗಿನ ನೀರಿನಲ್ಲಷ್ಟೇ ಸಾಗುತ್ತದೆ. ಹೆಚ್ಚಿನ ಆವರ್ತನದ್ದು ಕೋಶದ ಗೋಡೆ ದಾಟಿ ಒಳಗೂ ಹೋಗುತ್ತದೆ. ಎರಡರ ವ್ಯತ್ಯಾಸದಿಂದ ಹೆಚ್ಚುವರಿ ನೀರು ಎಷ್ಟು ಲೀಟರ್, ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಮೂರನ್ನೂ ಬೇರೆಬೇರೆಯಾಗಿ ಅಂದಾಜಿಸಬಹುದು. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್‌ನ 2020ರ ಕೆಡಿಒಕ್ಯುಐ ಪೋಷಣಾ ಮಾರ್ಗಸೂಚಿ ಹಿಮೋಡಯಾಲಿಸಿಸ್ ರೋಗಿಗಳಿಗೆ ಸೂಚಿಸುವುದು ಈ ಬಗೆಯ ಯಂತ್ರವನ್ನೇ. ಅದನ್ನೂ ಡಯಾಲಿಸಿಸ್ ಮುಗಿದು ಕನಿಷ್ಠ ಅರ್ಧ ಗಂಟೆ ಕಳೆದ ಮೇಲೆ ಮಾಡಿ ಎನ್ನುತ್ತದೆ. ನೀರು ಮೈಯೊಳಗೆ ಮರುಹಂಚಿಕೆಯಾಗಲು ಅಷ್ಟು ಹೊತ್ತು ಬೇಕು. ಅಣ್ಣನವರ ಕೇಂದ್ರದಲ್ಲಿ ಅಂಥ ಯಂತ್ರ ಇದೆಯೇ ಎಂದು ಕೇಳಿ. ಮಲಗಿಸಿ, ಕೈಗೆ ಮತ್ತು ಕಾಲಿಗೆ ಅಂಟುಪಟ್ಟಿ ಹಚ್ಚುತ್ತಾರೆ, ಕೆಲವೇ ನಿಮಿಷದ ಕೆಲಸ. ಫಿಸ್ಟುಲಾ, ಎಂದರೆ ಡಯಾಲಿಸಿಸ್ ಸೂಜಿಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ, ಇಲ್ಲದ ಕಡೆಗೇ ಹಚ್ಚಿಸಿ. ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಬೇಕು.

ಮತ್ತೆ, ದಯವಿಟ್ಟು ಇವತ್ತಿನಿಂದಲೇ ರಾತ್ರಿಯ ಊಟ ಶುರುಮಾಡಿಸಿ. ಪ್ರತಿ ಹಿಮೋಡಯಾಲಿಸಿಸ್‌ನಲ್ಲಿ ಸುಮಾರು 6ರಿಂದ 12 ಗ್ರಾಂ ಅಮೈನೋ ಆಮ್ಲ ನೀರಿನ ಜೊತೆಗೇ ಹೊರಟುಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಕಿಲೊ ತೂಕಕ್ಕೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೊಟೀನ್ ಬೇಕು. ಊಟ ಬಿಟ್ಟರೆ ಮೊದಲು ಕರಗುವುದು ಈಗಾಗಲೇ ಸೊರಗಿರುವ ಆ ತೋಳು, ತೊಡೆಗಳೇ.

ಹೇಮಾವತಿ, ಹಾಸನ

ನಾನು ಬೇರೆ ಮಾತು ಹೇಳುತ್ತೇನೆ. ನನ್ನ ತಾಯಿ ಸ್ಥೂಲಕಾಯದವರು, ವರ್ಷಗಳಿಂದ ಡಯಾಲಿಸಿಸ್‌ನಲ್ಲಿದ್ದಾರೆ, ದೇವರ ದಯೆಯಿಂದ ಓಡಾಡಿಕೊಂಡಿದ್ದಾರೆ. ಅವರ ಜೊತೆಯಲ್ಲಿ ಶುರುಮಾಡಿದ ತೆಳ್ಳಗಿನವರು ಎಷ್ಟೋ ಜನ ಈಗ ಇಲ್ಲ. ಇದು ನಾನೊಬ್ಬಳೇ ಕಂಡದ್ದಲ್ಲ. ವೈದ್ಯರೂ ಬರೆದಿದ್ದಾರೆ, ಸಂಶೋಧನೆಗಳೂ ಆಗಿವೆ. ಹಾಗಿದ್ದ ಮೇಲೆ ಯಂತ್ರ, ಟೇಪು, ಅಳತೆ ಎಂದು ರೋಗಿಯನ್ನು ಇನ್ನಷ್ಟು ಹಿಂಸಿಸುವುದೇಕೆ? ನೀರು, ಉಪ್ಪು, ಹಣ್ಣು, ಎಲ್ಲಕ್ಕೂ ಈಗಾಗಲೇ ಕಟ್ಟುಪಾಡು. ತಿನ್ನುವ ಅನ್ನಕ್ಕೂ ಲೆಕ್ಕ ಹಾಕಿದರೆ ಅವರಿಗೆ ಉಳಿಯುವ ಸುಖವಾದರೂ ಏನು? ಮನಸ್ಸಿಗೆ ಬಂದಷ್ಟು ಉಣ್ಣಲಿ ಬಿಡಿ.

ನೆಫ್ರಾಲಜಿ ವೈದ್ಯ, ಹುಬ್ಬಳ್ಳಿ

ಹೇಮಾವತಿಯವರೇ, ನೀವು ಕಂಡದ್ದು ನಿಜ. ಡಯಾಲಿಸಿಸ್ ರೋಗಿಗಳಲ್ಲಿ ಬಿಎಂಐ ಹೆಚ್ಚಿದ್ದವರು ಕಡಿಮೆ ಇದ್ದವರಿಗಿಂತ ಹೆಚ್ಚು ಕಾಲ ಬದುಕುವುದು ಅಮೆರಿಕದ ದೊಡ್ಡ ದೊಡ್ಡ ಅಂಕಿಅಂಶಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಲಂತರ್ ಜಾದೆ ಮತ್ತು ಸಂಗಡಿಗರು 2003ರಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು. ಆದರೆ ಅದರಿಂದ ಕೊಬ್ಬು ಕಾಪಾಡುತ್ತದೆ ಎಂಬ ತೀರ್ಮಾನಕ್ಕೆ ಹಾರಿದರೆ ರೋಗಿಗೆ ಪೆಟ್ಟಾಗುತ್ತದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಬಿಎಂಐ ಅಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ್ದು, ಅಷ್ಟೇ. 19ನೇ ಶತಮಾನದಲ್ಲಿ ಬೆಲ್ಜಿಯಂನ ಕೆಟಲೆ ಎಂಬ ಗಣಿತಜ್ಞ ಜನಸಮುದಾಯದ ಸರಾಸರಿ ತಿಳಿಯಲು ಹೊರಟು ಕಂಡುಕೊಂಡ ಸೂತ್ರ. ಒಬ್ಬ ವ್ಯಕ್ತಿಯ ಕೊಬ್ಬನ್ನು ಹೇಳಲು ಹುಟ್ಟಿದ್ದಲ್ಲ, ಕಿಡ್ನಿ ರೋಗಿಯ ಕೊಬ್ಬನ್ನಂತೂ ಅಲ್ಲವೇ ಅಲ್ಲ. ಬಿಎಂಐ ಹೆಚ್ಚಾಗಿರುವುದು ಸ್ನಾಯುವಿನಿಂದಲೂ ಆಗಬಹುದು, ಕೊಬ್ಬಿನಿಂದಲೂ ಆಗಬಹುದು, ನೀರಿನಿಂದಲೂ ಆಗಬಹುದು. ಇವು ಮೂರಕ್ಕೂ ಮೂರು ಬೇರೆ ಪರಿಣಾಮಗಳು.

2003ರಲ್ಲಿಯೇ ಬೆದ್ದು ಅವರ ತಂಡ ಅಮೆರಿಕದ ಹಿಮೋಡಯಾಲಿಸಿಸ್ ರೋಗಿಗಳಲ್ಲಿ ಬಿಎಂಐ ಜೊತೆಗೆ ಮೂತ್ರದ ಕ್ರಿಯಾಟಿನಿನ್ ಅನ್ನೂ ನೋಡಿತು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ, ಆದ್ದರಿಂದ ಅದು ಸ್ನಾಯುವಿನ ಅಂದಾಜು. ಬಿಎಂಐ ಹೆಚ್ಚಿದ್ದು ಸ್ನಾಯುವೂ ಚೆನ್ನಾಗಿದ್ದವರಿಗೆ ಆ ಲಾಭ ಸಿಕ್ಕಿತ್ತು. ಬಿಎಂಐ ಹೆಚ್ಚಿದ್ದರೂ ಸ್ನಾಯು ಕಡಿಮೆ ಇದ್ದವರಿಗೆ, ಎಂದರೆ ಕೊಬ್ಬಿನಿಂದಲೇ ದಪ್ಪಗಿದ್ದವರಿಗೆ, ಸಿಕ್ಕಿರಲಿಲ್ಲ. 2009ರಲ್ಲಿ ಇಟಲಿಯ ಪೊಸ್ಟೊರಿನೊ, ಜೊಕ್ಕಾಲಿ ಮತ್ತಿತರರು 500ಕ್ಕೂ ಹೆಚ್ಚು ಕಿಡ್ನಿ ವೈಫಲ್ಯದ ರೋಗಿಗಳ ಬಿಎಂಐ ಮತ್ತು ಸೊಂಟದ ಸುತ್ತಳತೆ ಎರಡನ್ನೂ ಅಳೆದು ಕಾದು ನೋಡಿದರು. ಬಿಎಂಐ ಏರಿದಂತೆ ಸಾವು ಕಡಿಮೆ, ಸೊಂಟದ ಸುತ್ತಳತೆ ಏರಿದಂತೆ ಸಾವು ಹೆಚ್ಚು. ಅದೇ ರೋಗಿಗಳು, ಎರಡು ಅಳತೆ, ಎರಡು ದಿಕ್ಕು. ಬಿಎಂಐನೊಳಗೆ ಅಡಗಿದ್ದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಟೇಪು ಬಿಡಿಸಿ ಇಟ್ಟಿತು.

ತೆಳ್ಳಗಿನವರು ಬೇಗ ಹೋಗುವುದಕ್ಕೂ ಕಾರಣ ಹುಡುಕಬೇಕು. ಅವರಲ್ಲಿ ಬಹುಮಂದಿ ಮೊದಲಿನಿಂದ ತೆಳ್ಳಗಿದ್ದವರಲ್ಲ. ಉರಿಯೂತ, ಸೋಂಕು, ಹಸಿವಿಲ್ಲದಿರುವುದು, ಪ್ರೊಟೀನ್ ನಷ್ಟ ಇವುಗಳಿಂದ ಸವೆದು ತೆಳ್ಳಗಾದವರು. ಆ ಸವೆತವೇ ಕೊಲ್ಲುವುದು. ತಾಯಿಯವರು ಓಡಾಡಿಕೊಂಡಿದ್ದಾರೆ ಎಂದಿರಿ. ನನಗೆ ಅವರ ತೂಕಕ್ಕಿಂತ ಆ ಮಾತು ಮುಖ್ಯವಾಗಿ ಕಾಣುತ್ತದೆ. ಊಟ ಕಸಿದುಕೊಳ್ಳಬಾರದು ಎಂಬ ನಿಮ್ಮ ಕಳಕಳಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಳತೆ ಮಾಡಬಾರದು ಎಂಬುದನ್ನು ಒಪ್ಪುವುದಿಲ್ಲ. ಅಳೆಯದಿದ್ದರೆ ಸವೆಯುತ್ತಿರುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕಬಿನಿಯವರೇ, ಈಗ ನಿಮ್ಮ ಕ್ರಿಯಾಟಿನಿನ್. ಅಣ್ಣನಿಗೆ ಮೂತ್ರ ಮತ್ತೆ ಹೆಚ್ಚಾಗಿದೆಯೇ? ಡಯಾಲಿಸಿಸ್ ಅವಧಿ ಹೆಚ್ಚಿಸಿದ್ದಾರೆಯೇ? ಎರಡೂ ಇಲ್ಲವಾದರೆ 11ರಿಂದ 7.8ಕ್ಕೆ ಇಳಿದದ್ದು ಕಿಡ್ನಿ ಸುಧಾರಿಸಿದ್ದರಿಂದ ಅಲ್ಲ. ಕ್ರಿಯಾಟಿನಿನ್ ತಯಾರಿಸುವ ಸ್ನಾಯುವೇ ಕಡಿಮೆಯಾಗಿರಬಹುದು. ನೀವು ಕಣ್ಣಾರೆ ಕಂಡ ತೋಳು, ತೊಡೆಗಳ ಮಾತಿಗೂ ಇದಕ್ಕೂ ತಾಳೆಯಾಗುತ್ತದೆ. ಇದನ್ನು ಹೇಳಲು ನನಗೆ ಬೇಸರವಾಗುತ್ತದೆ, ಆದರೆ ಮುಚ್ಚಿಡುವುದು ಸರಿಯಲ್ಲ.

ಕಬಿನಿ, ಮೈಸೂರು

ಡಾಕ್ಟರೇ, ಎರಡೂ ಇಲ್ಲ. ಮೂತ್ರ ದಿನಕ್ಕೆ ಒಂದು ಲೋಟವೂ ಆಗುವುದಿಲ್ಲ. ಡಯಾಲಿಸಿಸ್ ಮೊದಲಿನಂತೆಯೇ ನಾಲ್ಕು ಗಂಟೆ. ಓದಿ ಕೈಕಾಲು ತಣ್ಣಗಾಯಿತು. ಆದರೂ ತಿಳಿಸಿದ್ದು ಒಳ್ಳೆಯದಾಯಿತು. ಈಗ ನಾವು ಏನೇನು ಅಳೆಸಬೇಕು?

ಸಿಎಪಿಡಿ ಬಳಸುವವನು, ಶಿರಸಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವ ನಮ್ಮಂಥವರ ಕಥೆಯೇ ಬೇರೆ, ಈ ಪುಟ ಓದುವವರಲ್ಲಿ ಅಂಥವರೂ ಇರಬಹುದು. ನಮ್ಮ ಹೊಟ್ಟೆಯಲ್ಲಿ ಸದಾ ಎರಡು ಲೀಟರ್ ದ್ರವ ಇರುತ್ತದೆ. ತುಂಬಿದ ಹೊಟ್ಟೆಯಲ್ಲಿ ತೂಕ ನೋಡಿದರೆ ಅಷ್ಟು ಹೆಚ್ಚು. ಸೊಂಟದ ಅಳತೆಯೂ ಹೆಚ್ಚು. ಹೊಟ್ಟೆ ಬರಿದು ಮಾಡಿ, ಹೊಸ ಚೀಲ ಹಾಕುವ ಮುನ್ನ ಅಳೆಯಿರಿ ಎಂದು ನನಗೆ ಕಲಿಸಿದ್ದಾರೆ.

ಇನ್ನೊಂದು, ಆ ದ್ರವದಲ್ಲಿ ಸಕ್ಕರೆ ಇರುತ್ತದೆ. 2.5 ಶೇಕಡಾದ ಎರಡು ಲೀಟರ್ ಚೀಲದಲ್ಲಿ 50 ಗ್ರಾಂ, 4.25ರ ಚೀಲದಲ್ಲಿ 85 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೈಗೆ ಹೀರಿಕೊಳ್ಳುತ್ತದೆ. ದಿನಕ್ಕೆ ನೂರು ಗ್ರಾಂ ಮೀರಿ ಸಕ್ಕರೆ ಬಾಯಿಗೆ ಹಾಕದೆಯೇ ಒಳಗೆ ಹೋಗುತ್ತದೆ. ನಾನು ಬೆಳಿಗ್ಗೆ ಎರಡು ತೆಳ್ಳೇವು ತಿನ್ನುವುದನ್ನು ನೋಡಿ ನೆಂಟರು ಕಡಿಮೆ ತಿನ್ನು ಎನ್ನುತ್ತಾರೆ; ಹೊಟ್ಟೆಗೆ ಹೋಗುವ ಈ ಸಕ್ಕರೆಯ ಲೆಕ್ಕ ಅವರಿಗೆ ತಿಳಿಯದು. ನೀರು ಕಡಿಮೆ ಕುಡಿದರೆ, ಮೈಯಿಂದ ಹೆಚ್ಚು ನೀರು ಎಳೆಯುವ 4.25ರ ಚೀಲದ ಅಗತ್ಯವೇ ಕಡಿಮೆಯಾಗುತ್ತದೆ, ಹೊಟ್ಟೆಯ ಬೊಜ್ಜೂ ಹತೋಟಿಗೆ ಬರುತ್ತದೆ ಎಂದು ನಮ್ಮ ವೈದ್ಯರು ವಿವರಿಸಿದ ಮೇಲೆ ನನಗೆ ಉಪ್ಪಿನ ಪಥ್ಯದ ಮಹತ್ವ ತಿಳಿಯಿತು. ಉಪ್ಪು ಬಿಟ್ಟರೆ ಬಾಯಾರಿಕೆಯೂ ಬಿಡುತ್ತದೆ.

ಕಲ್ಪತರು, ತುಮಕೂರು

ನಮ್ಮ ಮನೆತನದಲ್ಲಿ ಪಾಲಿಸಿಸ್ಟಿಕ್ ಕಿಡ್ನಿ ಇದೆ. ತಂದೆಯವರ ಹೊಟ್ಟೆ ನೋಡಿದವರೆಲ್ಲ ಬೊಜ್ಜು ಎನ್ನುತ್ತಾರೆ. ಸ್ಕ್ಯಾನ್ ಮಾಡಿದರೆ ಎರಡೂ ಕಿಡ್ನಿಗಳು ನೀರುಗುಳ್ಳೆಗಳಿಂದ ಊದಿಕೊಂಡು ಹೊಟ್ಟೆಯ ತುಂಬ ಆವರಿಸಿವೆ. ಇಂಥವರಲ್ಲಿ ಸೊಂಟದ ಸುತ್ತಳತೆಗೆ ಅರ್ಥವಿದೆಯೇ?

ನೆಫ್ರಾಲಜಿ ವೈದ್ಯ, ಹುಬ್ಬಳ್ಳಿ

ಇಲ್ಲ. ಅಂಥ ಕಿಡ್ನಿಗಳು ಒಂದೊಂದೂ ಹಲವು ಕಿಲೊ ತೂಗಬಹುದು, ಯಕೃತ್ತಿನಲ್ಲಿಯೂ ಗುಳ್ಳೆಗಳಿದ್ದರೆ ಇನ್ನೂ ಹೆಚ್ಚು. ಅವರಲ್ಲಿ ಸೊಂಟದ ಸುತ್ತಳತೆಯೂ ಬಿಎಂಐಯೂ ಎರಡೂ ದಾರಿ ತಪ್ಪಿಸುತ್ತವೆ. ಹೇಗೂ ಸಿಟಿ ಅಥವಾ ಎಂಆರ್‌ಐ ಆಗಿರುತ್ತದೆಯಲ್ಲ, ಅದೇ ಚಿತ್ರಗಳಲ್ಲಿ ಸೊಂಟದ ಮೂರನೆಯ ಕಶೇರುಮಣಿಯ ಮಟ್ಟದಲ್ಲಿ ಕೊಬ್ಬನ್ನೂ ಸ್ನಾಯುವನ್ನೂ ಅಳೆಯಲು ಬರುತ್ತದೆ. ಚರ್ಮದ ಕೆಳಗಿನ ಕೊಬ್ಬೆಷ್ಟು, ಕರುಳಿನ ಸುತ್ತ ಕಟ್ಟಿಕೊಂಡ ಕೊಬ್ಬೆಷ್ಟು ಎಂದು ಬೇರೆಬೇರೆಯಾಗಿ ತಿಳಿಯುತ್ತದೆ. ಆ ಅಳತೆಗೆಂದು ಹೊಸ ಸ್ಕ್ಯಾನ್ ಮಾಡಿಸುವ ಅಗತ್ಯವಿಲ್ಲ, ಇರುವುದನ್ನೇ ನೋಡಿ ಎಂದು ರೇಡಿಯಾಲಜಿಸ್ಟ್ ಅವರನ್ನು ಕೇಳಿಕೊಳ್ಳಬಹುದು. ಕಸಿಯ ತಪಾಸಣೆಗೆ ಸಿಟಿ ಆಗಿರುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಡೆಕ್ಸಾ ಸ್ಕ್ಯಾನ್ ಎಂದು ಕೇಳಿರುತ್ತೀರಿ, ಮೂಳೆ ಸವೆತ ನೋಡಲು ಬಳಸುತ್ತಾರೆ. ಅದೇ ಯಂತ್ರದಲ್ಲಿ ಇಡೀ ಮೈಯ ಕೊಬ್ಬನ್ನೂ ಅಳೆಯಬಹುದು. ಸಂಶೋಧಕರು ಬೇರೆ ವಿಧಾನಗಳನ್ನು ಒರೆಗೆ ಹಚ್ಚುವುದು ಇದರ ಜೊತೆಗೇ. ಆದರೆ ಇದೂ ಹೆಚ್ಚುವರಿ ನೀರನ್ನು ಕೊಬ್ಬಲ್ಲದ ಭಾಗಕ್ಕೆ ಸೇರಿಸಿಬಿಡುತ್ತದೆ, ಆದ್ದರಿಂದ ಡಯಾಲಿಸಿಸ್ ಆದ ಮೇಲೆಯೇ ಮಾಡಿಸಬೇಕು.

ಕಲಬುರಗಿಯಿಂದ ಒಬ್ಬ ಮಗ

ನಮಸ್ಕಾರ ಸರ್. ಸಕ್ಕರೆ ಕಾಯಿಲೆಯಿಂದ ನಮ್ಮ ತಂದೆಯವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಡಯಾಲಿಸಿಸ್ ಆದ ಮೇಲೆ ತೂಕ 58 ಕಿಲೊ, ಎತ್ತರ 165. ಬಿಎಂಐ 21.3 ಎಂದು ಬರೆದು ಎಲ್ಲ ಸರಿಯಿದೆ ಎಂದಿದ್ದಾರೆ. ಇಲ್ಲದ ಕಾಲಿನ ತೂಕವನ್ನು ಯಾರೂ ಕೇಳಲಿಲ್ಲ.

ಆಹಾರತಜ್ಞೆ, ಮಂಗಳೂರು

ಕೇಳಲೇಬೇಕಾಗಿತ್ತು. ಮೊಣಕಾಲಿನ ಕೆಳಗಿನ ಭಾಗ ಇಡೀ ಮೈಯ ತೂಕದಲ್ಲಿ ಸುಮಾರು ಶೇಕಡಾ 5.9, ಪಾದ ಮಾತ್ರವಾದರೆ 1.5, ಇಡೀ ಕಾಲಾದರೆ 16. ಈಗಿನ ತೂಕವನ್ನು 0.941ರಿಂದ ಭಾಗಿಸಿದರೆ 61.6 ಕಿಲೊ, ಬಿಎಂಐ 22.6. ಹಾಗೆಂದು ಇದೂ ನೆಮ್ಮದಿಯ ಅಂಕಿಯಲ್ಲ. ಕಿಡ್ನಿ ಪೋಷಣೆಯ ಅಂತರರಾಷ್ಟ್ರೀಯ ತಜ್ಞರ ತಂಡ 2008ರಲ್ಲಿ ಕೊಟ್ಟ ಅಳತೆಗೋಲಿನಲ್ಲಿ 23ಕ್ಕಿಂತ ಕಡಿಮೆ ಬಿಎಂಐ ಪ್ರೊಟೀನ್ ಮತ್ತು ಶಕ್ತಿಯ ಸವೆತದ ಒಂದು ಸೂಚನೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೊಟೀನ್ 3.8ಕ್ಕಿಂತ ಕಡಿಮೆ ಇರುವುದು, ಪ್ರಯತ್ನವಿಲ್ಲದೆ ಮೂರು ತಿಂಗಳಲ್ಲಿ ಶೇಕಡಾ 5ರಷ್ಟು ತೂಕ ಇಳಿಯುವುದು ಇನ್ನುಳಿದ ಕೆಲವು ಸೂಚನೆಗಳು. ಆರೋಗ್ಯವಂತರಿಗೆ ಒಳ್ಳೆಯದೆನಿಸುವ ಅಂಕಿ ಡಯಾಲಿಸಿಸ್ ರೋಗಿಗೆ ಒಳ್ಳೆಯದೇ ಆಗಿರಬೇಕೆಂದಿಲ್ಲ. ತಂದೆಯವರ ಆಲ್ಬುಮಿನ್ ಎಷ್ಟಿದೆ ನೋಡಿ. ವಿದ್ಯುತ್ ಯಂತ್ರದಲ್ಲಿ ಅಳೆಸುವುದಾದರೆ ಕಾಲು ಇರುವ ಬದಿಯಲ್ಲಿಯೇ ಅಂಟುಪಟ್ಟಿ ಹಚ್ಚಬೇಕು. ಅದರ ಫಲಿತಾಂಶವನ್ನೂ ಅಂದಾಜು ಎಂದೇ ಇಟ್ಟುಕೊಳ್ಳಿ.

ಹೇಮಾವತಿ, ಹಾಸನ

ವೈದ್ಯರ ವಿವರಣೆ ತಿಳಿಯಿತು. ಆದರೂ ಕೇಳುತ್ತೇನೆ, ಈ ಯಂತ್ರ, ಡೆಕ್ಸಾ, ಸಿಟಿ ಎಲ್ಲ ಬೆಂಗಳೂರು, ಮಂಗಳೂರಿನ ಮಾತು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಸಿಗುವವರು, ಬಸ್ಸಿನ ಖರ್ಚಿಗೂ ಯೋಚಿಸುವವರು ಏನು ಮಾಡಬೇಕು?

ಡಯಾಲಿಸಿಸ್ ಟೆಕ್ನಿಷಿಯನ್, ದಾವಣಗೆರೆ

ಅಮ್ಮಾ, ಇದೇ ಕೇಳಬೇಕಾದ ಪ್ರಶ್ನೆ. ಬಟ್ಟೆ ಹೊಲಿಯುವ ಟೇಪು ಸಾಕು.

ಡಯಾಲಿಸಿಸ್ ಆದ ಮೇಲೆ, ರೋಗಿ ನಿಂತಿರಬೇಕು, ತಲೆಸುತ್ತು ಇರಬಾರದು. ಪಕ್ಕೆಲುಬಿನ ಕೊನೆಯ ಅಂಚನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಗುರುತಿಸಿ, ಎರಡರ ನಡುಮಧ್ಯ ಟೇಪು ಸುತ್ತಿ. ಸೀರೆ, ಪಂಚೆಯ ಮೇಲೆ ಬೇಡ, ಚರ್ಮದ ಮೇಲೆಯೇ. ಉಸಿರು ಸಹಜವಾಗಿ ಬಿಟ್ಟ ಹೊತ್ತಿನಲ್ಲಿ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಲು ಬಿಡಬೇಡಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಹೊಟ್ಟೆಯ ಬೊಜ್ಜು ಎನ್ನುತ್ತಾರೆ. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬ ಸುಲಭದ ಲೆಕ್ಕವೂ ಇದೆ. ಅದೇ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗವನ್ನೂ ಅಳೆಯಿರಿ, ಕಾಲಿನಲ್ಲಿ ಬಾವು ಇಲ್ಲದಿದ್ದರೆ ಮಾತ್ರ. ಏಷ್ಯಾದವರಿಗೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ನಾಯು ಸೊರಗಿರುವ ಶಂಕೆ ಪಡಬೇಕು. ಬೆರಳಿನಿಂದ ಒತ್ತಿ ಗುಳಿ ಬೀಳದಿದ್ದ ಮಾತ್ರಕ್ಕೆ ನೀರಿಲ್ಲ ಎಂದುಕೊಳ್ಳಬೇಡಿ. ಎರಡು ಮೂರು ಲೀಟರ್ ಸೇರಿದ ಮೇಲೆಯೇ ಎಷ್ಟೋ ಜನರಲ್ಲಿ ಗುಳಿ ಕಾಣುವುದು.

ಆಹಾರತಜ್ಞೆ, ಮಂಗಳೂರು

ಟೇಪಿನ ಬಗ್ಗೆ ಒಂದು ಮಾತು ಸೇರಿಸಬೇಕು. ಹೊಟ್ಟೆಯ ಬೊಜ್ಜು ಇದೆಯೇ ಎಂದು ತಿಳಿಯಲು ಅದು ಒಳ್ಳೆಯದು. ತಿಂಗಳಿಂದ ತಿಂಗಳಿಗೆ ಒಂದೆರಡು ಸೆಂಟಿಮೀಟರ್ ಏರಿತೋ ಇಳಿಯಿತೋ ಎಂದು ನಂಬುವಷ್ಟು ನಿಖರವಲ್ಲ. ಕೆಡಿಒಕ್ಯುಐ ಕೂಡ ಹೀಗೆಯೇ ಹೇಳಿದೆ. ಅಳೆಯುವ ಕೈ ಬದಲಾದರೂ ಅಂಕಿ ಬದಲಾಗುತ್ತದೆ. ಚರ್ಮವನ್ನು ಚಿವುಟಿ ಹಿಡಿದು ದಪ್ಪ ನೋಡುವ ಕ್ಯಾಲಿಪರ್‌ಗೂ ಇದೇ ದೋಷ, ಬಾವು ಇದ್ದರಂತೂ ಬೇಡವೇ ಬೇಡ. ಆದರೆ ಒಬ್ಬರೇ ನುರಿತವರು, ಫಿಸ್ಟುಲಾ ಇಲ್ಲದ ತೋಳಿನಲ್ಲಿ, ಡಯಾಲಿಸಿಸ್ ಆದ ಮೇಲೆ ಪ್ರತಿ ಸಲ ಅಳೆದರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮಾಹಿತಿ ಸಿಗುತ್ತದೆ.

ನಾವು ಭಾರತೀಯರು ಬಿಎಂಐಗೆ ಸುಲಭವಾಗಿ ಮೋಸಹೋಗುವವರು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರಲ್ಲಿ 21.2. ಕಿಡ್ನಿ ಸರಿಯಿದ್ದವರಲ್ಲೇ ಇಷ್ಟು ಅಂತರ. ಕಿಡ್ನಿ ಹೋದವರಲ್ಲಿ ಸ್ನಾಯುವೂ ಕರಗಿ, ಜಾಗಕ್ಕೆ ನೀರೂ ತುಂಬಿದರೆ ಆ ಅಂಕಿಯಿಂದ ಏನು ತಿಳಿಯುತ್ತದೆ?

ಕಬಿನಿ, ಮೈಸೂರು

ನೀವೆಲ್ಲ ಹೇಳಿದಂತೆ ಮಾಡಿಸಿಕೊಂಡು ಬಂದೆವು. ಡಯಾಲಿಸಿಸ್ ಮುಗಿದು ಅರ್ಧ ಗಂಟೆ ಮಲಗಿಸಿ ಯಂತ್ರದಲ್ಲಿ ನೋಡಿದರು. ತೂಕ 84.5, ಎಂದರೆ ಡ್ರೈ ವೇಟ್‌ಗೆ ಸರಿಯಾಗಿ. ಆದರೂ ಇನ್ನೂ 2.1 ಲೀಟರ್ ಹೆಚ್ಚುವರಿ ನೀರಿದೆ ಎಂದು ಬಂತು. ಸೊಂಟ 104 ಸೆಂಟಿಮೀಟರ್. ಕೈಹಿಡಿತದ ಬಲ, ಫಿಸ್ಟುಲಾ ಇಲ್ಲದ ಕೈಯಲ್ಲಿ, 24 ಕಿಲೊ. ಆಲ್ಬುಮಿನ್ 3.4. ರಕ್ತದೊತ್ತಡ ಈಚೆಗೆ ಏರಿದೆ, ಮಾತ್ರೆಯೂ ಒಂದು ಹೆಚ್ಚಾಗಿದೆ.

ನೆಫ್ರಾಲಜಿ ವೈದ್ಯ, ಹುಬ್ಬಳ್ಳಿ

ಈಗ ಚಿತ್ರ ಸ್ಪಷ್ಟವಾಗಿದೆ. ನಾನು ನಿಮ್ಮ ಅಣ್ಣನನ್ನು ನೋಡುತ್ತಿರುವ ವೈದ್ಯನಲ್ಲ, ಅವರ ಮುಂದಿಡಲು ಇದನ್ನು ಬರೆಯುತ್ತಿದ್ದೇನೆ.

ಪುಸ್ತಕದಲ್ಲಿ ಬರೆದ ಡ್ರೈ ವೇಟ್ ಹಳೆಯದಾಗಿರಬೇಕು. ಆಮೇಲೆ ಸ್ನಾಯು ಕರಗಿದೆ, ಕರಗಿದಷ್ಟು ತೂಕದ ಜಾಗಕ್ಕೆ ನೀರು ಬಂದು ಕೂತಿದೆ. ತಕ್ಕಡಿ ಮಾತ್ರ 84.5 ಎಂದೇ ತೋರಿಸುತ್ತಿದೆ. ರಕ್ತದೊತ್ತಡ ಏರಿದ್ದಕ್ಕೆ ಇದೇ ಕಾರಣವಿರಬಹುದು, ಮಾತ್ರೆ ಸೇರಿಸುವ ಬದಲು ನೀರು ತೆಗೆಯುವುದನ್ನು ಯೋಚಿಸಬೇಕು. ಒಂದೇ ಸಲಕ್ಕೆ ಎರಡು ಲೀಟರ್ ಎಳೆಯಬಾರದು. ಬಿಪಿ ಕುಸಿಯುತ್ತದೆ, ಕಾಲು ಸೆಳೆಯುತ್ತದೆ. ಹಲವು ಡಯಾಲಿಸಿಸ್‌ಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಯಂತ್ರದ ಅಂಕಿಯನ್ನೇ ನೆಚ್ಚದೆ ಎದೆ, ಕುತ್ತಿಗೆಯ ನರ, ಕಾಲು, ಬಿಪಿ ನೋಡುತ್ತ ಹೋಗಬೇಕು.

ಆ ನೀರೂ ಹೋದರೆ ತೂಕ 82.4, ಬಿಎಂಐ 29.2. ಕಸಿ ಆಸ್ಪತ್ರೆ ಕೇಳಿದ ಎಂಟರಲ್ಲಿ ಐದೂವರೆ ಕಿಲೊಗೂ ಹೆಚ್ಚು ನೀರೇ ಆಗಿತ್ತು. ಊಟ ಬಿಟ್ಟು ಇಳಿಸಬೇಕಾದದ್ದಲ್ಲ ಅದು. ಆದರೂ ಹೊಟ್ಟೆಯಲ್ಲಿ ಬೊಜ್ಜಿದೆ, ಅದರಲ್ಲಿ ಸಂಶಯ ಬೇಡ. ಎತ್ತರದ ಅರ್ಧ 84, ಸೊಂಟ 104. ಭಾರತೀಯರಿಗೆ 2009ರಲ್ಲಿ ತಜ್ಞರು ಒಪ್ಪಿದ ಮಿತಿಯಲ್ಲಿ 25ರ ಮೇಲಿನ ಬಿಎಂಐ ಬೊಜ್ಜೇ. ಇನ್ನೊಂದು ಕಡೆ, ಏಷ್ಯಾದ ಮಾನದಂಡದಲ್ಲಿ ಗಂಡಸರ ಕೈಹಿಡಿತ 28 ಕಿಲೊಗಿಂತ ಕಡಿಮೆ ಇರಬಾರದು, ಅವರದು 24. ಬೊಜ್ಜು ಮತ್ತು ಸ್ನಾಯುಸವೆತ ಒಂದೇ ಮೈಯಲ್ಲಿ ಕೂಡಿವೆ. ಬಿಎಂಐ ಒಂದನ್ನೇ ನೋಡಿದವರು ಮೊದಲನೆಯದನ್ನು ಕಂಡರು. ದಪ್ಪಗಿರುವುದೇ ಒಳ್ಳೆಯದು ಎಂದವರಿಗೆ ಎರಡೂ ಕಾಣಲಿಲ್ಲ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೂ ಬಿಎಂಐ ಒಂದರಿಂದಲೇ ಬೊಜ್ಜನ್ನು ನಿರ್ಧರಿಸಬೇಡಿ, ಸೊಂಟದ ಅಳತೆಯನ್ನೋ ನೇರವಾಗಿ ಕೊಬ್ಬನ್ನೋ ಅಳೆದು ಖಚಿತಪಡಿಸಿಕೊಳ್ಳಿ ಎಂದು ಹೇಳಿತು.

ಕಸಿ ಶಸ್ತ್ರಚಿಕಿತ್ಸಕರ ಭಯವೂ ಸುಳ್ಳಲ್ಲ. ಹೊಟ್ಟೆಯಲ್ಲಿ ಕೊಬ್ಬು ಹೆಚ್ಚಿದ್ದರೆ ಗಾಯ ಮಾಯುವುದು ತಡ, ಸೋಂಕು ಹೆಚ್ಚು, ಹೊಸ ಕಿಡ್ನಿ ಕೆಲಸ ಶುರುಮಾಡುವುದೂ ನಿಧಾನವಾಗಬಹುದು. ಕಸಿಯ ನಂತರ ಸ್ಟೀರಾಯ್ಡ್‌ನಿಂದ ಹೊಟ್ಟೆ ಮತ್ತೆ ಬರುತ್ತದೆ. ಆದರೆ ಬೊಜ್ಜಿದೆ ಎಂಬ ಒಂದೇ ಕಾರಣಕ್ಕೆ ಕಸಿಯಿಂದ ಹೊರಗಿಡಬೇಡಿ, ತೂಕ ಇಳಿಸಲು ನೆರವಾಗಿ ಎಂಬುದು ಕಿಡ್ನಿ ರೋಗದ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2020ರ ಮಾರ್ಗಸೂಚಿಯ ಸಲಹೆ. ಈ ಎಲ್ಲ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಕೇಂದ್ರದ ವೈದ್ಯರಿಂದ ಸಹಿ ಮಾಡಿಸಿ ಆ ಆಸ್ಪತ್ರೆಗೆ ಒಯ್ಯಿರಿ. ಎಂಟು ಕಿಲೊ ಎಂಬ ಗುರಿಯ ಬದಲು ಸೊಂಟ ಇಳಿಯಬೇಕು, ಕೈಹಿಡಿತ ಏರಬೇಕು ಎಂಬ ಗುರಿ ಇಟ್ಟುಕೊಳ್ಳೋಣವೇ ಎಂದು ಕೇಳಿ. ಒಳ್ಳೆಯ ತಂಡ ಇದ್ದರೆ ಖಂಡಿತ ಕಿವಿಗೊಡುತ್ತದೆ.

ಕಲ್ಪತರು, ತುಮಕೂರು

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಕಿಡ್ನಿಗೂ ಒಳ್ಳೆಯದು ಎಂದು ಪತ್ರಿಕೆಯಲ್ಲಿ ಬಂದಿತ್ತಲ್ಲ?

ನೆಫ್ರಾಲಜಿ ವೈದ್ಯ, ಹುಬ್ಬಳ್ಳಿ

ಸೆಮಾಗ್ಲುಟೈಡ್ ಕುರಿತ 2024ರ ಫ್ಲೋ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹಾಳಾಗುತ್ತಿದ್ದವರಿಗೆ ಲಾಭವಾದದ್ದು ನಿಜ. ಡಯಾಲಿಸಿಸ್‌ನಲ್ಲಿರುವವರು ಅದರಲ್ಲಿ ಇರಲಿಲ್ಲ. ಆ ಔಷಧಿಯಿಂದ ಹಸಿವು ಕುಗ್ಗುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ. ಆಲ್ಬುಮಿನ್ 3.4 ಇರುವವರಿಗೆ ಆತುರಪಟ್ಟು ಶುರುಮಾಡುವಂಥದ್ದಲ್ಲ. ಕೊಡಲೇಬೇಕೆಂದರೆ ಸ್ನಾಯುವಿನ ಅಳತೆಯನ್ನು ನೋಡುತ್ತ ಕೊಡಬೇಕು.

ಆಹಾರತಜ್ಞೆ, ಮಂಗಳೂರು

ಕಬಿನಿಯವರೇ, ಊಟದ ಬಗ್ಗೆ. ಕಡಿಮೆ ಮಾಡಬೇಕಾದದ್ದು ಬೇಕರಿ ತಿಂಡಿ, ಕರಿದದ್ದು, ಸಿಹಿ, ತಟ್ಟೆಯಲ್ಲಿ ಎರಡನೆಯ ಸಲದ ಅನ್ನ. ಕಡಿಮೆ ಮಾಡಬಾರದ್ದು ಪ್ರೊಟೀನ್. ತಿನ್ನುವವರಾದರೆ ಮೊಟ್ಟೆಯ ಬಿಳಿಭಾಗ ಎಲ್ಲಕ್ಕಿಂತ ಸುಲಭ, ಅದರಲ್ಲಿ ರಂಜಕ ಕಡಿಮೆ. ಮೀನು, ಕೋಳಿ ಅಳತೆಯಲ್ಲಿ. ಸಸ್ಯಾಹಾರಿಗಳಾದರೆ ಪನೀರ್, ಬೇಳೆ ಎಷ್ಟೆಷ್ಟು ಎಂಬುದನ್ನು ಅವರ ಪೊಟ್ಯಾಸಿಯಂ, ರಂಜಕದ ವರದಿ ನೋಡಿ ನಿಮ್ಮ ಕೇಂದ್ರದ ಆಹಾರತಜ್ಞರೇ ಹೇಳಬೇಕು, ಇಲ್ಲಿ ಹೇಳುವುದು ತಪ್ಪಾಗುತ್ತದೆ. ಊಟ ತಿಂದರೆ ಸಾಲದು, ಸ್ನಾಯುವಿಗೆ ಕೆಲಸವೂ ಬೇಕು. ದಿನಾಲೂ ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಇಷ್ಟರಿಂದ ಶುರುಮಾಡಬಹುದು.

ಕಬಿನಿ, ಮೈಸೂರು

ನಿನ್ನೆ ರಾತ್ರಿ ಅಣ್ಣ ಊಟ ಮಾಡಿದ. ಈ ಪುಟವನ್ನು ಅವನಿಗೂ ಓದಿ ಹೇಳಿದೆ. ಅತ್ತಿಗೆ ಅಳತೆಗಳಿಗೆಂದೇ ಒಂದು ನೋಟ್‌ಬುಕ್ ತಂದಿದ್ದಾರೆ. ಕುರ್ಚಿಯಿಂದ ಎದ್ದು ಕೂರುವುದನ್ನು ಅಳತೆಯಾಗಿಯೂ ಬಳಸುತ್ತಾರೆ ಎಂದು ಕೇಂದ್ರದಲ್ಲಿ ಹೇಳಿದರು. ಡಯಾಲಿಸಿಸ್ ಮುಗಿದ ಮೇಲೆ, ಉಳಿದ ಅಳತೆಗಳ ಜೊತೆಗೇ ಅದನ್ನೂ ಮಾಡಿಸಬಹುದೇ?

ಡಯಾಲಿಸಿಸ್ ಟೆಕ್ನಿಷಿಯನ್, ದಾವಣಗೆರೆ

ಅದೊಂದನ್ನು ಡಯಾಲಿಸಿಸ್ ಆದ ಕೂಡಲೇ ಮಾಡಿಸಬೇಡಿ ಅಕ್ಕಾ. ನೀರು ತೆಗೆದ ಮೇಲೆ ಬಿಪಿ ಇಳಿದಿರುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರಬಹುದು. ಡಯಾಲಿಸಿಸ್ ಇಲ್ಲದ ದಿನ ಬೆಳಿಗ್ಗೆ, ತಿಂಡಿಯಾಗಿ ಸ್ವಲ್ಪ ಹೊತ್ತಾದ ಮೇಲೆ ಮಾಡಿಸಿ. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಫಿಸ್ಟುಲಾ ಇರುವ ಕೈ ಒತ್ತಿಹೋಗದಂತೆ ನೋಡಿಕೊಂಡು, ಐದು ಸಲ ಪೂರ್ತಿ ಎದ್ದು ಕೂರಲು ಹೇಳಿ, ಮೊಬೈಲಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆಯಾಗಿದೆ ಎಂದು ಲೆಕ್ಕ. ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಎದೆನೋವು, ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ. ತಿಂಗಳಿಗೊಮ್ಮೆ ಸಾಕು. ಅತ್ತಿಗೆಯವರ ನೋಟ್‌ಬುಕ್ಕಿನಲ್ಲಿ ತೂಕ, ಸೊಂಟ, ಕೈಹಿಡಿತದ ಪಕ್ಕದಲ್ಲಿ ಇದಕ್ಕೂ ಒಂದು ಕಾಲಂ ಹಾಕಿಸಿ.